ಕೆಳಗಿನ ರೂಮು ಖಾಲಿ ಆಗಿದೆ, ಮನೇಲಿ ಇಬ್ಬರು ಸಣ್ಣ ಮಕ್ಕಳು. ಏನು ಮಾಡೋದು?

ಎಂಸಿಸಿ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ, ಎಂಸಿಸಿ ಬಿ ಬ್ಲಾಕ್. ಮನೆ ಒಳಗೇ ಮೆಟ್ಟಿಲಿರೋ ಡ್ಯೂಪ್ಲೆಕ್ಸ್. ಕೆಳಗೆ ಹಾಲು, ಅಡುಗೆಮನೆ, ದೇವರಮನೆ, ಒಂದು ರೂಮು. ಮೇಲೆ ಎರಡು ಬೆಡ್‌ರೂಮು. ಕೆಳಗಿನ ರೂಮಲ್ಲಿ ಇಷ್ಟು ವರ್ಷ ನಮ್ಮ ಮಾವನವರು ದಲಾಲಿ ಅಂಗಡಿ ಲೆಕ್ಕ ಬರೀತಿದ್ರು. ಎಪಿಎಂಸಿ ವ್ಯವಹಾರ ಈ ವರ್ಷ ಪೂರ್ತಿ ಕೈಬಿಟ್ಟರು. ಗಾದಿ, ಖಾತೆ ಪುಸ್ತಕ, ಮೆಕ್ಕೆಜೋಳದ ಸ್ಯಾಂಪಲ್ ಚೀಲ ಎಲ್ಲ ಹೋಯ್ತು. ಉಳಿದಿದ್ದು ಒಂದು ಹಳೇ ಕಬ್ಬಿಣದ ತಿಜೋರಿ ಮಾತ್ರ. ಅದನ್ನ ಸರಿಸೋಕೆ ಹಮಾಲರೇ ಬರಬೇಕು.

ರೂಮು 10x12 ಅಡಿ. ಒಂದು ಬಾಗಿಲು ಹಾಲಿಗೆ, ಇನ್ನೊಂದು ನೇರವಾಗಿ ಪೋರ್ಟಿಕೋಗೆ. ಅಟ್ಯಾಚ್ಡ್ ಬಾತ್‌ರೂಮ್ ಇದೆ, ಇಂಡಿಯನ್ ಟಾಯ್ಲೆಟ್. ಮಗಳಿಗೆ ನಾಲ್ಕೂವರೆ, ಮಗನಿಗೆ ಒಂದೂವರೆ ವರ್ಷ.

ಈಗ ಮನೇಲಿ ಒಬ್ಬೊಬ್ಬರದು ಒಂದೊಂದು ಆಸೆ. ನಮ್ಮನೆಯವರು ಬೆಂಗಳೂರು ಕಂಪನಿ, ಅರ್ಧ ವಾರ ಮನೆಯಿಂದಲೇ ಕೆಲಸ, ಊಟದ ಟೇಬಲ್ಲೇ ಆಫೀಸು. ಅವರಿಗೆ ಆಫೀಸ್ ರೂಮ್ ಬೇಕು. ಅತ್ತೆಗೆ ಬಾಡಿಗೆ ಕೊಡೋಣ ಅಂತ. ನಾದಿನಿಗೆ ಗೆಸ್ಟ್ ರೂಮ್ ಆಗಲಿ, ದುರ್ಗಮ್ಮನ ಜಾತ್ರೆಗೆ ಬಂದಾಗ ಹಾಲಲ್ಲಿ ಮಲಗಬೇಕಾಗುತ್ತೆ ಅಂತ (ಜಾತ್ರೆ ಬರೋದೇ ಎರಡು ವರ್ಷಕ್ಕೊಮ್ಮೆ!). ನನಗೆ ಮಕ್ಕಳ ಆಟದ ರೂಮ್ ಮಾಡಿ ಹಾಲನ್ನ ಹಾಲಿನ ಥರ ನೋಡೋ ಆಸೆ. ಮಾವ ಮಾತ್ರ "ನಿಮಗೆ ಹೆಂಗ್ ಬೇಕೋ ಹಂಗ್ ಮಾಡ್ಕಳ್ರಿ" ಅಂದು ಸುಮ್ಮನಾಗಿದ್ದಾರೆ.

ಸಣ್ಣ ಮಕ್ಕಳಿರೋ ಮನೆಯವರು ಏನು ಮಾಡಿದ್ದೀರಿ ಹೇಳಿ.

ಮಂಡಕ್ಕಿ ಮಿರ್ಚಿ

ಹೊರಗಿಂದ ಬೇರೆ ಬಾಗಿಲು, ಅಟ್ಯಾಚ್ಡ್ ಬಾತ್‌ರೂಮು, ಅದೂ ಎಂಸಿಸಿ ಬಿ ಬ್ಲಾಕು. ಇದರಾಗೆ ಯೋಚ್ನೆ ಮಾಡಾಕೆ ಏನೈತೆ ಅಕ್ಕ? ಮೆಡಿಕಲ್ಲು, ಡೆಂಟಲ್ಲು, ಬಿಐಇಟಿ ಹುಡುಗರು ರೂಮಿಗೆ ಅಂತ ಅಲೀತಿರ್ತಾರೆ. "ಬಾಡಿಗೆಗೆ ಇದೆ" ಬೋರ್ಡ್ ಹಾಕಿ ಒಳಗೆ ಹೋಗಿ ಚಾ ಕುಡಿಯೋದ್ರೊಳಗೆ ಯಾರಾದ್ರೂ ಬೆಲ್ ಹೊಡೀತಾರೆ. ನಿಮ್ಮ ಅತ್ತೆಗೆ ನನ್ನ ಓಟು.

ಕಾಗದಪತ್ರ

ಬಾಡಿಗೆ ಕೊಡುವುದಾದರೆ ಹಾಲಿನ ಕಡೆಯ ಬಾಗಿಲಿಗೆ ಗೋಡೆ ಕಟ್ಟಿಸಿ ಆಮೇಲೆ ಕೊಡಿ. ಬರೀ ಚಿಲಕದ ಆಚೆ ಅಪರಿಚಿತರು, ಈಚೆ ಒಂದೂವರೆ ವರ್ಷದ ಮಗು ಅಂದರೆ ನಾನಂತೂ ಒಪ್ಪಲ್ಲ. ಆಮೇಲೆ ಮಧ್ಯಾಹ್ನ ಮಗು ಅತ್ತರೆ ಅವರಿಗೆ ಕಷ್ಟ, ಪರೀಕ್ಷೆ ಹಿಂದಿನ ರಾತ್ರಿ ಅವರ ಗೆಳೆಯರು ಬಂದರೆ ನಿಮಗೆ ಕಷ್ಟ.

ಕರಾರು ಪತ್ರ ಮಾಡಿಸದೆ ಕೊಡಬೇಡಿ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸೋದು. ಇನ್ನೊಂದು ವಿಷಯ, ಬೆಸ್ಕಾಂ ಮೀಟರ್ ಒಂದೇ ಇದ್ದರೆ ಬಾಡಿಗೆಯವರ ಗೀಸರ್ ಕೂಡ ನಿಮ್ಮ ಲೆಕ್ಕಕ್ಕೇ ಸೇರುತ್ತೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ಬರೀ ಹೆಚ್ಚಿನದ್ದಲ್ಲ. ಬರುವ ಬಾಡಿಗೆಯಲ್ಲಿ ಇದನ್ನೂ ಕಳೆದು ನೋಡಿ.

ಕೋಟೆ ಊರಿನವಳು

ನಾನು ಚಿತ್ರದುರ್ಗದಿಂದ. ಆಟದ ರೂಮಿನ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಮ್ಮ ಅಕ್ಕನ ಮನೇಲಿ ಇದು ಪೂರ್ತಿ ಕಣ್ಣಾರೆ ಕಂಡಿದ್ದು.

ಅವರದೂ ಹೀಗೇ ಕೆಳಗಿನ ರೂಮು. ಗೋಡೆಗೆ ಆನೆ, ಜಿರಾಫೆ ಸ್ಟಿಕರ್, ನೆಲಕ್ಕೆ ಬಣ್ಣಬಣ್ಣದ ಫೋಮ್ ಮ್ಯಾಟು, ಆಟಿಕೆಗೆ ಮೂರು ಅಂತಸ್ತಿನ ಸ್ಟ್ಯಾಂಡು. ನೋಡೋಕೆ ನರ್ಸರಿ ಸ್ಕೂಲು. ಮಕ್ಕಳು ಮೊದಮೊದಲು ಕುಣಿದಾಡಿದ್ರು. ಆಮೇಲೆ ಏನಾಯ್ತು ಅಂದ್ರೆ, ದೊಡ್ಡವನು ಒಂದೊಂದೇ ಕಾರು ಎತ್ತಿಕೊಂಡು ಅಡುಗೆಮನೆ ಹೊಸ್ತಿಲಿಗೆ ಬಂದು ಕೂತ್ಕೊಳ್ಳೋಕೆ ಶುರು ಮಾಡಿದ. ಚಿಕ್ಕವಳು ಅವನ ಹಿಂದೆ. ಅಕ್ಕ ರೊಟ್ಟಿ ಬಡಿಯುವಾಗ ಅವಳ ಕಾಲ ಹತ್ತಿರವೇ ರೇಲ್ವೆ ಸ್ಟೇಷನ್ನು. ಆ ರೂಮಲ್ಲಿ ಈಗ ಒಣಗಿದ ಬಟ್ಟೆ ರಾಶಿ, ಇಸ್ತ್ರಿ ಟೇಬಲ್ಲು, ಕೆಟ್ಟ ಕೂಲರು.

ನಾನು ಅಂಗನವಾಡಿ ಮೇಲ್ವಿಚಾರಣೆ ಕೆಲಸದಲ್ಲಿದ್ದೀನಿ, ಈ ವಯಸ್ಸಿನ ಮಕ್ಕಳನ್ನ ದಿನಾ ನೋಡ್ತೀನಿ. ಆರು ವರ್ಷದೊಳಗಿನವರಿಗೆ ಆಟಕ್ಕೆ ಜಾಗಕ್ಕಿಂತ ಮೊದಲು ಜನ ಬೇಕು. ಅಮ್ಮ ಎಲ್ಲೋ ಆಟ ಅಲ್ಲಿ. ಹೊಸ ಆಟಿಕೆ ತುಂಬಿದ ರೂಮಲ್ಲಿ ಒಬ್ಬರೇ ಬಿಟ್ಟರೆ ಸ್ವಲ್ಪ ಹೊತ್ತಿಗೆ "ಅಮ್ಮಾ" ಅಂತ ಬಂದೇ ಬರ್ತಾರೆ. ಅದೇ ಅಜ್ಜಿ ಒಂದು ಮೊರ ಹಿಡಿದು ಅವರೆಕಾಯಿ ಸುಲಿಯೋಕೆ ಕೂರಲಿ, ಯಾವ ಆಟಿಕೆಯೂ ಬೇಡ, ಎರಡೂ ಮಕ್ಕಳು ಅಲ್ಲೇ. ಹಾಗಾಗಿ ಆ ರೂಮಲ್ಲಿ ದೊಡ್ಡವರು ಯಾರು ಕೂರ್ತಾರೆ ಅನ್ನೋದನ್ನ ಮೊದಲು ಗೊತ್ತು ಮಾಡಿಕೊಳ್ಳಿ.

ಮತ್ತೆ ಟಿವಿ ಮಾತ್ರ ಆ ರೂಮಿಗೆ ಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆಯಾದಷ್ಟೂ ಒಳ್ಳೇದು ಅಂತ. ಬಾಗಿಲು ಮುಚ್ಚುವ ರೂಮಲ್ಲಿ ಟಿವಿ ಇದ್ದರೆ ಆ ಒಂದು ಗಂಟೆ ಯಾರು ಎಣಿಸ್ತಾರೆ?

ಎಂಸಿಸಿ ಸೊಸೆ

@ಕೋಟೆ ಊರಿನವಳು, ನೀವು ಹೇಳಿದ್ದು ಓದಿ ನಗು ಬಂತು, ನಮ್ಮನೇಲೂ ಗ್ಯಾಸ್ ಕಟ್ಟೆ ಕೆಳಗೇ ಮಗನ ಸಾಮ್ರಾಜ್ಯ. ಆದ್ರೂ ಹಾಲಲ್ಲಿ ಕಾಲಿಡೋಕೆ ಜಾಗ ಇಲ್ಲ ಅನ್ನೋ ಸಂಕಟ ಹೋಗಲ್ಲ.

@ಕಾಗದಪತ್ರ, ಗೋಡೆ ಕಟ್ಟಿಸೋ ಮಾತು ಎತ್ತಿದ ತಕ್ಷಣ ಅತ್ತೆ ಬಾಡಿಗೆ ವಿಷಯ ಬಿಟ್ಟರು. ಅದೊಂದು ಮುಗೀತು, ಥ್ಯಾಂಕ್ಸ್.

ಸೈಟ್ ಎಂಜಿನಿಯರ್ ನಿಟುವಳ್ಳಿ

ಏನೇ ಮಾಡಿ, ಮೊದಲು ರೂಮನ್ನ ಒಂದು ಸಲ ಮಂಡಿಯೂರಿ ಕೂತು ನೋಡಿ. ನಿಂತು ನೋಡಿದ್ರೆ ದೊಡ್ಡವರ ರೂಮು ಕಾಣುತ್ತೆ, ಮಗುವಿನ ರೂಮು ಕಾಣೋದು ಎರಡು ಅಡಿ ಎತ್ತರದಿಂದ.

ಗೋಡೆ ಬುಡ ಹೇಗಿದೆ? ಪೋರ್ಟಿಕೋ ಪಕ್ಕದ ರೂಮು ಅಂದ್ರಿ, ಹಾಗಾದ್ರೆ ಸಂಪ್ ಅಲ್ಲೇ ಹತ್ತಿರ ಇರುತ್ತೆ. ಬಣ್ಣ ಉಬ್ಬಿ, ಉಗುರಲ್ಲಿ ಕೆರೆದ್ರೆ ಬಿಳಿ ಪುಡಿ ಉದುರುತ್ತಿದ್ರೆ ಅದು ಚೌಳು. ನೆಲದ ತೇವ ಗೋಡೆ ಮೇಲೆ ಏರುತ್ತೆ, ಜೊತೆಗೆ ಉಪ್ಪಿನಂಶ ತರುತ್ತೆ, ನೀರು ಆರಿದ ಮೇಲೆ ಉಪ್ಪು ಹೊರಗೆ ಉಳಿದು ಪ್ಲಾಸ್ಟರನ್ನ ಒಳಗಿಂದ ಒಡೆಯುತ್ತೆ. ಒಂದೂವರೆ ವರ್ಷದ ಮಕ್ಕಳಿಗೆ ಗೋಡೆ ಕೆರೆದು ತಿನ್ನೋದು ಬಲು ಇಷ್ಟ. ಸಂಪ್ ಸೋರ್ತಿದೆಯಾ ಅಂತ ಹೀಗೆ ನೋಡಿ: ತುಂಬಿಸಿ, ನೀರಿನ ಮಟ್ಟಕ್ಕೆ ಸಂಪಿನ ಒಳಗೋಡೆ ಮೇಲೆ ಗೆರೆ ಎಳೀರಿ, ರಾತ್ರಿ ಮೋಟರ್ ಹಾಕಬೇಡಿ, ಬೆಳಿಗ್ಗೆ ನೋಡಿ. ಮಟ್ಟ ಇಳಿದಿದ್ರೆ ಮೊದಲು ಸಂಪ್ ರಿಪೇರಿ, ಆಮೇಲೆ ಗೋಡೆ. ಇಲ್ಲದಿದ್ರೆ ಎಷ್ಟು ವಾಟರ್‌ಪ್ರೂಫ್ ಬಣ್ಣ ಬಳಿದ್ರೂ ಮುಂದಿನ ಮಳೆಗಾಲಕ್ಕೆ ಮತ್ತೆ ಉಬ್ಬುತ್ತೆ. ಸಂಪಿನ ಮುಚ್ಚಳಕ್ಕೆ ಬೀಗ ಇದೆ ತಾನೇ? ಪೋರ್ಟಿಕೋಗೆ ನೇರ ಬಾಗಿಲು ಅಂದಾಗಲೇ ನನಗೆ ಮೊದಲು ಹೊಳೆದಿದ್ದು ಅದು.

ಹಳೇ ಬಾಗಿಲು, ಕಿಟಕಿ ಸರಳಿನ ಎನಾಮೆಲ್ ಬಣ್ಣ ಯಾವ ಕಾಲದ್ದು ಗೊತ್ತಿಲ್ಲದಿದ್ರೆ ಒಣ ಉಜ್ಜುಗಾಗದ ಹಾಕಿ ಉಜ್ಜಿಸಬೇಡಿ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನೋ ನಿಯಮ ಬಂದಿದ್ದೇ 2016ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಎಷ್ಟಿತ್ತೋ ಯಾರಿಗೆ ಗೊತ್ತು. ಆ ಧೂಳು ಮಕ್ಕಳ ಮೈಗೆ ಸೇರೋದು ಒಳ್ಳೇದಲ್ಲ. ನೀರು ಹಚ್ಚಿ ಉಜ್ಜಿಸಿ, ಆ ಕೆಲಸ ನಡೆಯೋವಾಗ ಮಕ್ಕಳನ್ನ ತವರುಮನೆಗೆ ಕರ್ಕೊಂಡು ಹೋಗಿ.

ಚಿಲಕ. ಇದನ್ನ ಯಾರೂ ಯೋಚ್ನೆ ಮಾಡಲ್ಲ. ಬಾತ್‌ರೂಮ್ ಬಾಗಿಲ ಒಳಗಡೆ ಮಗುವಿನ ಕೈಗೆ ಎಟುಕೋ ಟವರ್ ಬೋಲ್ಟ್ ಇದ್ರೆ ಒಂದಲ್ಲ ಒಂದು ದಿನ ಒಳಗೆ ಹೋಗಿ ಹಾಕ್ಕೊಳ್ಳುತ್ತೆ, ತೆಗೆಯೋಕೆ ಬರಲ್ಲ. ಕೆಳಗಿನದನ್ನ ಬಿಚ್ಚಿಸಿ, ಐದು ಅಡಿ ಎತ್ತರದಲ್ಲಿ ಹಾಕಿಸಿ, ಹೊರಗಡೆಯೂ ಮೇಲೊಂದು ಇರಲಿ. ತುಂಬಿದ ಬಕೆಟ್ ಬಿಡಬೇಡಿ, ಇಷ್ಟು ಸಣ್ಣ ಮಗುವಿಗೆ ಬಕೆಟ್ಟಿನ ತಳದ ನೀರೂ ಅಪಾಯವೇ.

ಕರೆಂಟಿಗೆ ಮೇನ್ ಬೋರ್ಡಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ತಾನೇ ಆಫ್ ಆಗೋ ಸ್ವಿಚ್ಚು) ಇದೆಯಾ ನೋಡಿ, ಇಲ್ಲದಿದ್ರೆ ಹಾಕಿಸಿ. ಕೆಳಗಿನ ಪ್ಲಗ್ ಪಾಯಿಂಟಿಗೆ ಶಟರ್ ಇರೋ ಸಾಕೆಟ್. ಎತ್ತರದ ಕಪಾಟು ಯಾವುದೇ ಇರಲಿ, ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗೀರಿ. ಡ್ರಾಯರ್ ಎಳೆದು ಮೆಟ್ಟಿಲು ಮಾಡ್ಕೊಂಡು ಹತ್ತುತ್ತವೆ.

ಹರಿಹರದ ಟೀಚರ್

ಎಲ್ಲರೂ ರೂಮಿನ ಬಗ್ಗೆಯೇ ಮಾತಾಡ್ತಿದ್ದೀರಿ. ನನ್ನದೊಂದೇ ಪ್ರಶ್ನೆ: ಮೇಲೆ ಎರಡು ಬೆಡ್‌ರೂಮ್ ಅಂದ್ರಿ. ನಿಮ್ಮ ಮಾವ, ಅತ್ತೆ ಮಲಗೋದು ಎಲ್ಲಿ?

ಎಂಸಿಸಿ ಸೊಸೆ

ಮೇಲೆ ಒಂದರಲ್ಲಿ ನಾವು ನಾಲ್ಕು ಜನ, ಇನ್ನೊಂದರಲ್ಲಿ ಮಾವ, ಅತ್ತೆ.

ಮಾವನಿಗೆ 71. ಮಂಡಿ ನೋವಿದೆ. ಈಗ ನೀವು ಕೇಳಿದ ಮೇಲೆ ಯೋಚ್ನೆ ಮಾಡಿದ್ರೆ, ಬೆಳಿಗ್ಗೆ ಇಳಿದು ಬಂದವರು ರಾತ್ರಿ ಊಟ ಆದ ಮೇಲೇ ಮತ್ತೆ ಮೇಲೆ ಹೋಗೋದು. ಮಧ್ಯಾಹ್ನ ಹಾಲಲ್ಲಿ ಕುರ್ಚಿ ಮೇಲೇ ತೂಕಡಿಸ್ತಾರೆ. ಅಂಗಡಿ ಲೆಕ್ಕ ಇದ್ದಾಗ ಆ ರೂಮಿನ ಗಾದಿ ಮೇಲೆ ಒರಗ್ತಿದ್ರು. ಗಾದಿ ತೆಗೆದದ್ದೇ ನಾವು.

ಹರಿಹರದ ಟೀಚರ್

ಹಾಗಿದ್ರೆ ಉತ್ತರ ಅಲ್ಲೇ ಇದೆಯಲ್ಲ. ಮಾವ, ಅತ್ತೆ ಕೆಳಗೆ. ಮೇಲೊಂದು ರೂಮು ಬಿಡುವಾಗುತ್ತೆ, ಅದು ಈಗ ಆಫೀಸು, ಮಗಳು ಒಂದನೇ ಕ್ಲಾಸಿಗೆ ಬರೋ ಹೊತ್ತಿಗೆ ಅವಳ ರೂಮು. ಮಕ್ಕಳು ಹೇಗೂ ಅಜ್ಜನ ಹತ್ತಿರವೇ ಇರ್ತಾರೆ, ಅಲ್ಲಿಗೆ ಆಟದ ರೂಮೂ ಆಯ್ತು.

ವರ್ಕ್ ಫ್ರಂ ಹೋಮ್ ಅಪ್ಪ

ನಿಮ್ಮ ಯಜಮಾನರ ಪರವಾಗಿ ನಾನೂ ಇದಕ್ಕೇ ಸೈ. ಹಾಲಿಗೆ ಅಂಟಿದ ರೂಮಲ್ಲಿ ಆಫೀಸ್ ಮಾಡಿದ್ರೆ ಮೀಟಿಂಗ್ ನಡುವೆ ಬಾಗಿಲು ಬಡಿಯೋದು ತಪ್ಪಲ್ಲ. ಅಪ್ಪ ಬಾಗಿಲ ಆಚೆ ಇದ್ದಾನೆ ಅಂತ ಗೊತ್ತಿದ್ದೂ ಒಳಗೆ ಬಿಡದಿದ್ರೆ ಮಗುವಿಗೆ ತಡ್ಕೊಳ್ಳೋಕೆ ಆಗಲ್ಲ. ಮೇಲಿದ್ರೆ ಅಪ್ಪ ಆಫೀಸಿಗೆ ಹೋದ ಅಂತಲೇ ಲೆಕ್ಕ.

ಮೆಟ್ಟಿಲಿಗೆ ಮಾತ್ರ ಗೇಟು ಹಾಕಿಸಿ, ಮೇಲೊಂದು ಕೆಳಗೊಂದು. ಆನ್‌ಲೈನಲ್ಲಿ ಸಿಗೋ ಒತ್ತಿ ಕೂರಿಸೋ ಗೇಟು ಕೆಳಗೆ ಸಾಕು, ಮೇಲಿನದು ಸ್ಕ್ರೂ ಹಾಕಿ ಗೋಡೆಗೆ ಬಿಗಿಯೋದೇ ಆಗಬೇಕು. ರೇಲಿಂಗ್ ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಸಂದಿ ಇದ್ರೆ ನೆಟ್ ಕಟ್ಟಿ. ಅಡ್ಡ ಸರಳಿನ ಸ್ಟೀಲ್ ರೇಲಿಂಗ್ ಆಗಿದ್ರಂತೂ ಅದು ಏಣಿಯೇ.

ಒಂದು ಎಚ್ಚರಿಕೆ, ಏಪ್ರಿಲ್‌ನಲ್ಲಿ ಮೇಲಿನ ಆಫೀಸಿಗೆ ಎಸಿ ಕೇಳ್ತಾರೆ. ಆಗ ಆ 200 ಯೂನಿಟ್ ಕಥೆ ಮತ್ತೆ ಬರುತ್ತೆ.

ಶಾಮನೂರು ಅಜ್ಜಿ

ನನ್ನ ಮೊಮ್ಮಗಳು ಟೈಪ್ ಮಾಡ್ತಾ ಇದಾಳೆ, ಮಾತು ನಂದು.

ಟೀಚರಮ್ಮ ಹೇಳಿದ್ದು ಲೆಕ್ಕಕ್ಕೆ ಸರಿ ಐತೆ. ಆದ್ರೆ ನಮ್ಮ ವಯಸ್ಸಿನವರಿಗೆ ಹೆಂಗ್ ಕೇಳುತ್ತೆ ಅಂತ ಹೇಳ್ತೀನಿ ಕೇಳವ್ವ. ಮೇಲಿನ ರೂಮು ಆಕೆ ಇಷ್ಟು ವರ್ಷ ಇದ್ದ ರೂಮು. ಬೀರು, ಮಂಚ, ಕನ್ನಡಿ ಎಲ್ಲ ಅಲ್ಲೇ. ನಾಳೆ "ಅತ್ತೆ, ನೀವು ಕೆಳಗಿನ ರೂಮಿಗೆ ಬರ್ರಿ, ಇದನ್ನ ಆಫೀಸ್ ಮಾಡ್ತೀವಿ" ಅಂದ್ರೆ, ಮಗ ಸೊಸೆ ಸೇರಿ ನಮ್ಮನ್ನ ಮೂಲೆಗೆ ಹಾಕಿದ್ರು ಅಂತಲೇ ಅನ್ಸೋದು. ಬಾಯಿ ಬಿಟ್ಟು ಹೇಳಲ್ಲ. ಪಕ್ಕದ ಮನೆಯಾಕಿ ಮುಂದೆ ಹೇಳ್ತಾಳೆ, ಆಕಿ ಊರಿಗೆಲ್ಲ ಹೇಳ್ತಾಳೆ.

ಅದಕ್ಕೆ ಹಿಂಗ್ ಮಾಡು. ಆಫೀಸಿನ ಮಾತೇ ಎತ್ತಬ್ಯಾಡ. ಬ್ಯಾಸಿಗಿ ಬರ್ತೈತೆ. ನಮ್ಮೂರ ಬ್ಯಾಸಿಗೀಲಿ ಮ್ಯಾಲಿನ ರೂಮು ಅಂದ್ರೆ ಮಂಡಕ್ಕಿ ಭಟ್ಟಿ, ತಾರಸಿ ಹಗಲೆಲ್ಲ ಕಾದು ರಾತ್ರಿ ಹನ್ನೆರಡಾದ್ರೂ ಬಿಸಿ ಬಿಡುತ್ತೆ. ಕೆಳಗಿನ ರೂಮಿಗೆ ಮ್ಯಾಲೆ ಒಂದು ಮಾಳಿಗೆ ಅಡ್ಡ ಐತೆ, ತಂಪು. "ಸೆಖೆಗೆ ಎಲ್ಲರೂ ಕೆಳಗೇ ಮಲಗಾಣ" ಅನ್ನು. ಮಕ್ಕಳನ್ನೂ ಅಲ್ಲೇ ಹಾಸಿ ಮಲಗಿಸು. ಮೊಮ್ಮಕ್ಕಳು ಪಕ್ಕದಾಗೆ ಮಲಗಿದ್ರೆ ಯಾವ ಅಜ್ಜಿ ಮ್ಯಾಲೆ ಹೋಗ್ತಾಳೆ? ಮಳೆಗಾಲ ಬಂದಾಗ ಅವರಿಗೇ ಅಲ್ಲಿ ರೂಢಿ ಆಗಿರ್ತೈತೆ. ಆಗ್ಲಿಲ್ಲ ಅಂದ್ರೆ ಬಿಡು, ಅವರ ರೂಮು ಅವರಿಗಿರಲಿ. ಮ್ಯಾಲಿನ ಬೀರು ಮಾತ್ರ ನೀನಾಗೇ ಇಳಿಸಬ್ಯಾಡ.

ಗಾದಿ ಮೊದ್ಲು ವಾಪಸ್ ಹಾಕು, ಇವತ್ತೇ. ಅದಕ್ಕೆ ಯಾರನ್ನೂ ಕೇಳೋದು ಬೇಕಿಲ್ಲ. ಕಿಟಕಿಗೆ ಸೊಳ್ಳೆ ಜಾಳಿಗಿ ಹಾಕ್ಸು.

ಮಂಡಕ್ಕಿ ಮಿರ್ಚಿ

ಅಜ್ಜಿ, ನನ್ನ ಓಟು ಬಾಡಿಗೆಯಿಂದ ವಾಪಸ್ ತಗೊಂಡು ನಿಮಗೆ ಹಾಕ್ತಾ ಇದೀನಿ.

ಸ್ಟಾಫ್ ನರ್ಸ್ ಚಿತ್ರದುರ್ಗ

ಅಜ್ಜ, ಅಜ್ಜಿ, ಮಕ್ಕಳು ಒಂದೇ ರೂಮಲ್ಲಿ ಅಂದ್ರೆ ಒಂದು ವಿಷಯ ಹೇಳಲೇಬೇಕು. ಮಾತ್ರೆ. ಬಿಪಿ, ಶುಗರ್ ಮಾತ್ರೆ ದಿಂಬಿನ ಪಕ್ಕ, ಕಿಟಕಿ ಕಟ್ಟೆ ಮೇಲೆ, ಅಜ್ಜಿಯ ಪರ್ಸಲ್ಲಿ ಇರುತ್ತೆ. ಬಣ್ಣದ್ದು, ಸಣ್ಣದು, ಪೆಪ್ಪರ್‌ಮಿಂಟ್ ಥರ ಕಾಣುತ್ತೆ. ಶುಗರ್ ಮಾತ್ರೆ ಕೆಲವು ಒಂದೇ ನುಂಗಿದ್ರೂ ಸಣ್ಣ ಮಗುವಿನ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯುತ್ತೆ. ನುಂಗಿದೆ ಅನ್ನೋ ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸ್ತಾ ಕೂರದೆ, ಮಾತ್ರೆ ಪಟ್ಟಿ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ. ಆ ತಿಜೋರಿ ಸರಿಸೋಕೆ ಆಗಲ್ಲ ಅಂದ್ರಲ್ಲ, ಮಾತ್ರೆ ಡಬ್ಬಿ ಅದರೊಳಗೇ ಇಡಿ. ಬೀಗದ ಕೈ ಬಾಗಿಲಲ್ಲೇ ನೇತಾಡ್ತಿರಬಾರದು ಅಷ್ಟೇ.

ಟಾಯ್ಲೆಟ್ ಬಗ್ಗೆ: ಮಂಡಿ ನೋವಿರೋರಿಗೆ ಇಂಡಿಯನ್ ಟಾಯ್ಲೆಟ್ ಇದ್ರೆ ಆ ರೂಮು ಇದ್ದೂ ಇಲ್ಲದ ಹಾಗೆ. ರಾತ್ರಿ ಎರಡು ಸಲ ಎದ್ದು ಮೇಲಿನ ಕಮೋಡಿಗೆ ಮೆಟ್ಟಿಲು ಹತ್ತೋ ಹಾಗಾದ್ರೆ ಕೆಳಗೆ ಬಂದು ಏನು ಪ್ರಯೋಜನ? ಸದ್ಯಕ್ಕೆ ಸರ್ಜಿಕಲ್ ಅಂಗಡೀಲಿ ಕಮೋಡ್ ಕುರ್ಚಿ ಸಿಗುತ್ತೆ, ಇಂಡಿಯನ್ ಬೇಸಿನ್ ಮೇಲೇ ಇಟ್ಕೋಬಹುದು. ಬೇಸಿಗೆ ಕಳೆದು ಅವರು ಅಲ್ಲೇ ಇರ್ತಾರೆ ಅಂತಾದ ಮೇಲೆ ನೆಲ ಒಡೆಸಿ ಕಮೋಡ್ ಕೂರಿಸಿ. ಗೋಡೆಗೆ ಹಿಡಿಕೆ ಹಾಕಿಸುವಾಗ ಟವಲ್ ರಾಡ್ ಹಾಕಬೇಡಿ, ಮೈ ಭಾರಕ್ಕೆ ಕಿತ್ತು ಬರುತ್ತೆ. ಗ್ರ್ಯಾಬ್ ಬಾರ್ ಅಂತಲೇ ಕೇಳಿ. ನೆಲಕ್ಕೆ ಜಾರದ ಟೈಲ್ಸ್. ಹಾಸಿಗೆಯಿಂದ ಬಾತ್‌ರೂಮಿನವರೆಗೆ ರಾತ್ರಿ ಸಣ್ಣ ಲೈಟು, ದಾರೀಲಿ ಆಟಿಕೆ ಇರಬಾರದು. ಚಕ್ರದ ಕಾರಿನ ಮೇಲೆ ಕಾಲಿಟ್ಟು ಸೊಂಟದ ಮೂಳೆ ಮುರ್ಕೊಂಡು ಬಂದ ಅಜ್ಜಂದಿರನ್ನ ನಾನೇ ನೋಡಿದ್ದೀನಿ.

ಕೋಟೆ ಊರಿನವಳು

ಅದಕ್ಕೆ ಸುಲಭ ಉಪಾಯ. ಆ ರೂಮಿಗೆ ಒಂದೇ ಒಂದು ಅಗಲ ಬುಟ್ಟಿ. ಅದರಲ್ಲಿ ಹಿಡಿಸುವಷ್ಟೇ ಆಟಿಕೆ ಕೆಳಗೆ, ಉಳಿದಿದ್ದು ಅಟ್ಟಕ್ಕೆ. ಸ್ವಲ್ಪ ದಿನಕ್ಕೊಮ್ಮೆ ಅದಲು ಬದಲು ಮಾಡಿ, ಹಳೇದೇ ಹೊಸದಾಗಿ ಕಾಣುತ್ತೆ. ರಾತ್ರಿ ಬುಟ್ಟಿ ಮಂಚದ ಕೆಳಗೆ. ಮಗಳಿಗೆ ಅಜ್ಜನ ಜೊತೆ ಚೌಕಾಬಾರ ಕಲಿಯೋ ವಯಸ್ಸು ಬಂತು, ಕವಡೆ ಮಾತ್ರ ಚಿಕ್ಕವನ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ.

ಎಂಸಿಸಿ ಸೊಸೆ

ಒಂದು ಅಪ್‌ಡೇಟ್ ಹಾಕ್ತಾ ಇದೀನಿ.

ಶಾಮನೂರು ಅಜ್ಜಿ ಹೇಳಿದ ದಿನವೇ ಗಾದಿ ವಾಪಸ್ ಹಾಕಿದೆ. ಮಾವ ಏನೂ ಕೇಳಲಿಲ್ಲ, ಮಧ್ಯಾಹ್ನ ಹೋಗಿ ಮಲಗಿದ್ರು. ಮಗ ಹಿಂದೆಯೇ ಹೋಗಿ ಅವರ ಹೊಟ್ಟೆ ಮೇಲೆ ಟ್ರ್ಯಾಕ್ಟರ್ ಓಡಿಸ್ತಿದ್ದ.

ಬೇಸಿಗೆ ಮಾತು ಅತ್ತೆ ಹತ್ತಿರ ನಮ್ಮನೆಯವರೇ ತೆಗೆದ್ರು. ಅತ್ತೆ "ನೋಡಾಣ" ಅಂದಿದ್ದಾರೆ. ನಮ್ಮ ಅತ್ತೆಯ "ನೋಡಾಣ" ಅಂದ್ರೆ ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ. ಬೀರು ಇಳಿಸಲ್ಲ ಅಂತ ಮಾತ್ರ ಖಡಾಖಂಡಿತ. ಮಾವನದು ಒಂದೇ ಷರತ್ತು, ಪೋರ್ಟಿಕೋ ಬಾಗಿಲು ಮುಚ್ಚಿಸಬಾರದು. ಬೆಳಿಗ್ಗೆ ಮಾರ್ಕೆಟ್ಟಿನ ಹಳೇ ಗೆಳೆಯರು ಬರ್ತಾರೆ, ಅವರು ಹಾಲು ದಾಟಿ ಅಡುಗೆಮನೆ ಮುಂದೆ ಹಾದು ಬರೋದು ಬೇಡ ಅಂತ. ಅದಕ್ಕೆ ಮೇಲ್ಗಡೆ ಚಿಲಕ ಹಾಕಿಸ್ತಾ ಇದೀವಿ.

ಗೋಡೆ ಬುಡದಲ್ಲಿ ಕಿಟಕಿ ಕೆಳಗೆ ಬಿಳಿ ಪುಡಿ ಇದೆ. ಎಂಜಿನಿಯರ್ ಸರ್, ಯಾವ ಕೆಲಸ ಮೊದಲು? ಗೌಂಡಿ ಬಂದು ನೋಡಿ, ಒಂದೇ ಸಲ ಎಲ್ಲ ಮುಗಿಸಿಬಿಡ್ತೀನಿ ಅಂತಿದ್ದಾನೆ.

ಸೈಟ್ ಎಂಜಿನಿಯರ್ ನಿಟುವಳ್ಳಿ

ಒಂದೇ ಸಲ ಬೇಡ. ಮೊದಲು ಸಂಪ್ ಪರೀಕ್ಷೆ. ಆಮೇಲೆ ತೇವ ಕಾಣೋ ಗುರುತಿಗಿಂತ ಒಂದಡಿ ಮೇಲಿನವರೆಗೆ ಪ್ಲಾಸ್ಟರ್ ಒಡೆಸಿ, ಇಟ್ಟಿಗೆ ಹಾಗೇ ಬಿಟ್ಟು ಚೆನ್ನಾಗಿ ಒಣಗಿಸಿ. ನಮ್ಮ ಕಡೆ ಫೆಬ್ರವರಿ, ಮಾರ್ಚ್ ಬಿಸಿಲಿಗೆ ಬೇಗ ಒಣಗುತ್ತೆ, ಕಿಟಕಿ ತೆಗೆದಿಡಿ. ಅದು ತೆರೆದಿರುವಾಗಲೇ ವೈರಿಂಗ್, ಪ್ಲಗ್ ಪಾಯಿಂಟ್ ಕೆಲಸ ಮಾಡಿಸಿ, ಮತ್ತೆ ಗೋಡೆ ಒಡೆಯೋದು ತಪ್ಪುತ್ತೆ. ಮುಂದೆ ಕಮೋಡ್ ಹಾಕಿಸೋ ಯೋಚ್ನೆ ಇದ್ರೆ ಅದರ ನೀರಿನ ಪಾಯಿಂಟ್ ಈಗಲೇ ತೆಗೆಸಿಡಿ. ಪ್ಲಾಸ್ಟರ್ ಆದ ಮೇಲೆ ಒಂದು ವಾರ ನೀರು ಹೊಡೆಸಿ, ಪೂರ್ತಿ ಆರಿದ ಮೇಲೇ ಬಣ್ಣ. ಗೌಂಡಿಗೆ ಅರ್ಜೆಂಟ್ ಇರುತ್ತೆ, ನಿಮಗೆ ಬೇಡ. ತಿಜೋರಿ ಹಿಂದಿನ ಗೋಡೆಯನ್ನೂ ಟಾರ್ಚ್ ಹಾಕಿ ನೋಡಿ, ಗಾಳಿ ಆಡದ ಜಾಗ, ಗೆದ್ದಲು ಕಟ್ಟಿರುತ್ತೆ.

ಎಂಸಿಸಿ ಸೊಸೆ

ಸರಿ ಸರ್. ನಾಳೆ ನೀರು ಬಿಡೋ ದಿನ, ಸಂಪ್ ತುಂಬಿದ ಮೇಲೆ ಗೆರೆ ಎಳೆದು ರಾತ್ರಿ ಮೋಟರ್ ಸ್ವಿಚ್ಚಿಗೆ ಟೇಪ್ ಅಂಟಿಸ್ತೀನಿ. ಬೆಳಿಗ್ಗೆ ಫೋಟೋ ಹಾಕ್ತೀನಿ, ನೋಡಿ ಹೇಳಿ.